ಹೇಳಲಾರದ ನೋವಿಗೆ ಹಲವು ಮದ್ದು

ಮಹಾಭಾರತವು ಒಂದು ನಾಯಿಯ ಅಳುವಿನೊಡನೆ ತೊಡಗಿ, ಇನ್ನೊಂದು ನಾಯಿಯ ನಡಿಗೆಯೊಡನೆ ಮುಗಿತಾಯಕ್ಕೆ ಬರುತ್ತದೆಂದರೆ ವಾಚಕರಲ್ಲಿ ಕೆಲವರಿಗಾದರೂ ಸೋಜಿಗವಾದೀತು. ಆದಿಪರ್ವದ ಪೌಷ್ಯ ಪ್ರಕರಣವನ್ನು ತೆರೆದು ನೋಡಿ. ಜನಮೇಜಯನು ತನ್ನ ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ಸತ್ರಯಾಗ ನಡೆಸುತ್ತಿರುವಾಗ, ದೇವಶುನಿಯಾದ ಸರಮೆಯ ಮಗ ಸಾರಮೇಯನು ಅಲ್ಲಿಗೆ ಬಂದನು. ಅವನು ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲ. ಆದರೂ ಆ ಮೂವರು ತಮ್ಮಂದಿರು ಅವನನ್ನು ಹೊಡೆದಟ್ಟಿದರು. ಮರಿಯು ಅಳುತ್ತ ತಾಯಿಯ ಬಳಿಗೆ ಹೋಯಿತು. ತಾಯಿ ಯಾಗಶಾಲೆಗೆ ಬಂದು, ತಪ್ಪು ಮಾಡದವನನ್ನು ಏಕೆ ಹೊಡೆದಿರೆಂದು ಕೇಳಿದಳು. ಅವರು ಬಾಯಿ ಬಿಡಲಿಲ್ಲ. ಅವಳು ಶಾಪ ಕೊಟ್ಟಳು. ಅಷ್ಟೂ ಪರ್ವಗಳು ಕಳೆದಮೇಲೆ ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ಕೊನೆಯವರೆಗೂ ನಡೆದು ಬಂದುದು ನಾಯಿಯೇ ಎಂಬುದು ಎಲ್ಲರೂ ಬಲ್ಲ ಸಂಗತಿ. ರಾಮಾಯಣದ ಉತ್ತರಕಾಂಡದ ಪ್ರಕ್ಷಿಪ್ತ ಭಾಗದಲ್ಲಿಯೂ, ಬ್ರಾಹ್ಮಣನೊಬ್ಬನಿಂದ ತಲೆಗೆ ಪೆಟ್ಟು ತಿಂದ ನಾಯಿಯೊಂದು ರಾಮನ ಸಭೆಗೆ ಬಂದು ಫಿರ್ಯಾದು ಹೇಳಿಕೊಳ್ಳುತ್ತದೆ. ಹೊಡೆದವನನ್ನು ಒಂದು ಮಠಕ್ಕೆ ಅಧಿಪತಿಯನ್ನಾಗಿ ಮಾಡಬೇಕೆಂದು ತಾನೇ ಶಿಕ್ಷೆಯನ್ನೂ ಸೂಚಿಸುತ್ತದೆ! ಅದು ಹೇಗೆ ಶಿಕ್ಷೆಯಾಗುತ್ತದೆಂಬುದನ್ನು ಮಠಗಳ ವ್ಯವಹಾರ ಬಲ್ಲವರಿಗೆ ಬಿಡುತ್ತೇನೆ.

ಈ ಕಥೆಗಳಲ್ಲಿ ನಾಯಿಗೆ ಮಾತು ಬರುತ್ತದೆ. ನೋವೆಲ್ಲಿ, ಕೊಟ್ಟವರಾರು ಎಂಬುದನ್ನು ಅದೇ ಹೇಳಿಕೊಳ್ಳುತ್ತದೆ. ನಮ್ಮ ನಿಮ್ಮ ಮನೆಯ ಹಜಾರದಲ್ಲಿ ಮಲಗಿರುವ ನಾಯಿಗೆ ಆ ಭಾಗ್ಯವಿಲ್ಲ. ಹಸಿ ಗಾಯವಾದರೆ ಅದು ಕೂಗೀತು. ಆದರೆ ವರುಷಗಟ್ಟಲೆ ಸೊಂಟದ ಕೀಲಿನಲ್ಲಿ, ಬೆನ್ನುಹುರಿಯ ಎಡೆಯಲ್ಲಿ ಬಂದು ಕುಳಿತ ನೋವನ್ನು ಅದು ಕೂಗಿ ಹೇಳುವುದಿಲ್ಲ. ಮೆಟ್ಟಿಲು ಹತ್ತುವುದನ್ನು ಬಿಡುತ್ತದೆ. ಬೆಳಗಾದೊಡನೆ ಏಳಲು ತಡಮಾಡುತ್ತದೆ. ಬಾಗಿಲಲ್ಲಿ ನಿಮ್ಮ ಚಪ್ಪಲಿಯ ಸದ್ದು ಕೇಳಿದರೆ ಓಡಿ ಬರುತ್ತಿದ್ದುದು, ಈಗ ಮಲಗಿದ್ದಲ್ಲಿಂದಲೇ ಬಾಲವಾಡಿಸುತ್ತದೆ. ವಯಸ್ಸಾಯಿತು ಎಂದು ನಾವು ಸುಮ್ಮನಾಗುತ್ತೇವೆ. ಮನುಷ್ಯನು ಇಂತಹ ಮೂಕನೋವನ್ನು ಯಾವ ಯಾವ ಕಾಲದಲ್ಲಿ ಹೇಗೆ ಕಂಡನು, ಅದಕ್ಕೆ ವೈದ್ಯಶಾಸ್ತ್ರದ ಒಳಗೂ ಹೊರಗೂ ಏನೇನು ಮದ್ದು ಹುಡುಕಿದನು, ಆ ಮದ್ದು ನಾಟಿತೇ ಇಲ್ಲವೇ ಎಂಬುದನ್ನು ಹೇಗೆ ತಿಳಿದನು ಎಂಬುದಕ್ಕೆ ಒಂದು ಚರಿತ್ರೆಯೇ ಉಂಟು.

ನಾಯಿಯನ್ನು ಗೌರವಿಸುವುದರಲ್ಲಿ ನಮ್ಮ ನಾಡು ಹಿಂದೆ ಬಿದ್ದುದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಹಳಗನ್ನಡದ ವಿದ್ಯಾರ್ಥಿಗಳೆಲ್ಲ ಓದಿಯೇ ಇರುತ್ತಾರೆ. ಕ್ರಿ. ಶ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದನು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದವನು ಗಂಗರ ಬೂತುಗ. ಅವನ ವೀರ ಮಣಲೆರನು ಬಹುಮಾನವಾಗಿ ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿಯನ್ನು ಒಂದು ಹೆಬ್ಬಂದಿಯ ಮೇಲೆ ಬಿಡಲಾಗಿ, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂಬ ಕಟ್ಟಳೆಯೂ ಆಯಿತು. ಮುಂದೆ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದರು. ನಾಯಿಯೊಂದಕ್ಕೆ ಇಷ್ಟು ಮರ್ಯಾದೆ ಸಂದ ಶಾಸನ ಅಪರೂಪ.

ಆದರೆ ಸತ್ತ ಕಾಳಿಯ ಮಾತು ಬೇರೆ. ಸಾಯದೆ ಉಳಿದು, ಕೋರೆಯ ತಿವಿತದಿಂದ ತೊಡೆ ಹರಿದು, ಹತ್ತು ಮಳೆಗಾಲ ಕುಂಟುತ್ತ ಬಾಳಿದ ನಾಯಿಗಳೂ ಇದ್ದಿರಲೇಬೇಕಲ್ಲವೆ? ಅವುಗಳಿಗೆ ಏನು ಮಾಡುತ್ತಿದ್ದರು? ಶಾಸನಗಳು ಇದನ್ನು ಹೇಳುವುದಿಲ್ಲ. ಶಾಸ್ತ್ರಗಳನ್ನು ತಿರುವಿದರೆ, ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದವಿದೆ, ಕುದುರೆಗೆ ಶಾಲಿಹೋತ್ರನ ಹೆಸರಿನ ಶಾಸ್ತ್ರವಿದೆ. ಕನ್ನಡದಲ್ಲಿಯೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದಲ್ಲಿ ಗೋವೈದ್ಯವನ್ನು ಬರೆದನು. ಅನಂತರ ಅಭಿನವಚಂದ್ರನ ಅಶ್ವವೈದ್ಯ ಬಂದಿತು. ರಾಜಪುತ್ರನೊಬ್ಬನು ಹಸುವಿನ ಕಾಯಿಲೆಗಳನ್ನು ಕುರಿತು ದೇಶಭಾಷೆಯಲ್ಲಿ ಗ್ರಂಥ ರಚಿಸಿದನೆಂಬುದು ಸಣ್ಣ ಮಾತೇನೂ ಅಲ್ಲ. ಆದರೆ ನಾಯಿಗೆಂದು ಇವುಗಳಷ್ಟು ಹೆಸರಾದ ಗ್ರಂಥ ನಮ್ಮಲ್ಲಿ ಹುಟ್ಟಲಿಲ್ಲ. ಅದೇ ಕಾಲದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ನಾಯಿಗೆ ಒಂದು ಸ್ಥಾನವಿದೆ. ಅದು ಸಾರಮೇಯವಿನೋದ ಎಂಬ ಪ್ರಕರಣದಲ್ಲಿ, ಅಂದರೆ ಅರಸನ ಇಪ್ಪತ್ತು ವಿನೋದಗಳ ನಡುವೆ, ಕೋಳಿಕಾಳಗ ಟಗರುಕಾಳಗಗಳ ಸಾಲಿನಲ್ಲಿ. ಕಾರಣ ಊಹಿಸುವುದು ಕಷ್ಟವಲ್ಲ. ಆನೆ ಕುಂಟಿದರೆ ಸೈನ್ಯ ಕುಂಟುತ್ತದೆ, ಎತ್ತು ಕುಂಟಿದರೆ ಬೇಸಾಯ ಕುಂಟುತ್ತದೆ. ನಾಯಿ ಕುಂಟಿದರೆ ಇನ್ನೊಂದು ನಾಯಿ ಸಿಕ್ಕುತ್ತದೆ. ಅದರ ವೈದ್ಯವು ಬೇಟೆಗಾರರ, ಕುರುಬರ ಬಾಯಲ್ಲಿ ಉಳಿಯಿತು, ಓಲೆಗೆ ಏರಲಿಲ್ಲ.

ಅಶೋಕನ ಎರಡನೆಯ ಶಿಲಾಶಾಸನದಲ್ಲಿ ಮನುಷ್ಯ ಚಿಕಿತ್ಸೆ, ಪಶು ಚಿಕಿತ್ಸೆ ಎಂದು ಎರಡನ್ನೂ ಜೊತೆಯಾಗಿ ಹೇಳಿ, ಮೂಲಿಕೆಗಳಿಲ್ಲದ ಕಡೆ ತರಿಸಿ ನೆಡಿಸಿದ ಮಾತು ಬರುತ್ತದೆ. ಪಶುವೆಂಬ ಮಾತಿನಲ್ಲಿ ನಾಯಿಯೂ ಸೇರಿತ್ತೇ ಎಂದು ಕೇಳಿದರೆ, ಸೇರಿತ್ತೆಂದು ನಂಬಲು ನನಗೆ ಮನಸ್ಸುಂಟು.

ಪಶ್ಚಿಮದ ಕಡೆ ತಿರುಗೋಣ. ಅಲ್ಲಿ ನಾಯಿಯ ಆರೈಕೆಯನ್ನು ಬರೆದಿಟ್ಟವರಲ್ಲಿ ನನಗೆ ಬಹು ಪ್ರಿಯನಾದವನು ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ಲೇಖಕ ಆರಿಯನ್. ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆಯನ್ನು ಬರೆದವನು ಇವನೇ. ಬೇಟೆಯನ್ನು ಕುರಿತ ತನ್ನ ಪುಟ್ಟ ಗ್ರಂಥದಲ್ಲಿ ಅವನು ಹಾರ್ಮೀ ಎಂಬ ತನ್ನದೇ ನಾಯಿಯ ಗುಣಗಾನಕ್ಕೆ ಒಂದು ಅಧ್ಯಾಯವನ್ನೇ ಮುಡಿಪಿಟ್ಟಿದ್ದಾನೆ. ಮೈಯೆಲ್ಲ ಕೈಯಿಂದ ಒತ್ತಿ ತಿಕ್ಕುವುದು ನಾಯಿಗೆ ತುಂಬ ಹಿತ, ಅದರಿಂದ ಅಂಗಗಳು ಗಟ್ಟಿಯಾಗುತ್ತವೆ ಎನ್ನುತ್ತಾನೆ. ನಾಯಿ ಮನುಷ್ಯನ ಮಗ್ಗುಲಲ್ಲಿ ಮಲಗುವುದು ಒಳ್ಳೆಯದೆಂದೂ ಹೇಳುತ್ತಾನೆ. ಗಿಡಮೂಲಿಕೆಯಿಲ್ಲ, ಮಂತ್ರವಿಲ್ಲ, ಒಂದು ಕೈ, ಒಂದು ಬೆಚ್ಚನೆಯ ಮಗ್ಗುಲು, ಇಷ್ಟೆ. ನಮ್ಮ ಮನೆಗಳಲ್ಲಿ ಅಜ್ಜನ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಫ್ರಾನ್ಸಿನ ಫ್ವಾ ಸಂಸ್ಥಾನದ ದೊರೆ ಗಾಸ್ತೋ ಫೇಬ್ಯುಸ್ 1387ರಲ್ಲಿ ಬರೆಯತೊಡಗಿದ ಬೇಟೆಯ ಗ್ರಂಥವೂ ಇದೇ ಜಾತಿಯದು. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಅದರ ಸಚಿತ್ರ ಪ್ರತಿಯಲ್ಲಿ, ಸೇವಕರು ನಾಯಿಗಳ ಪಂಜಗಳನ್ನು ಹಿಡಿದು ನೋಡುವ, ಕಾಲು ತೊಳೆಯುವ, ಬಾಯಿ ಬಿಡಿಸಿ ಪರೀಕ್ಷಿಸುವ ಚಿತ್ರವೊಂದಿದೆ. ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಂತೆಯೇ ಕಾಣುತ್ತದೆ.

ಎಲ್ಲರೂ ಇಷ್ಟು ಮೆದುವಾಗಿರಲಿಲ್ಲ. ನಾಯಿಯ ನಾಲಿಗೆಯ ಕೆಳಗೆ ಒಂದು ಹುಳುವಿದೆ, ಎಳೆಯದರಲ್ಲಿಯೇ ಅದನ್ನು ಕಿತ್ತು ತೆಗೆದರೆ ಹುಚ್ಚು ಹಿಡಿಯದು ಎಂಬ ನಂಬಿಕೆಯನ್ನು ರೋಮಿನ ಪ್ಲಿನಿ ಬರೆದಿಟ್ಟನು. ವಾಸ್ತವವಾಗಿ ಅದು ಹುಳುವಲ್ಲ, ನಾಲಿಗೆಯದೇ ಒಂದು ನಾರು. ಆದರೂ ನೂರಾರು ವರ್ಷ ಯೂರೋಪಿನಲ್ಲಿ ಮರಿಗಳ ನಾಲಿಗೆಯನ್ನು ಸೀಳಿ ಅದನ್ನು ಕೀಳುತ್ತಿದ್ದರು. ಕುಂಟಿಗೆ ಕಾದ ಕಬ್ಬಿಣದ ಬರೆ, ಊತಕ್ಕೆ ಬೊಕ್ಕೆಯೇಳಿಸುವ ಲೇಪ, ಚರ್ಮದೊಳಗೆ ದಾರ ಪೋಣಿಸಿ ಕೀವು ಹರಿಸುವುದು, ರಕ್ತ ತೆಗೆಯುವುದು, ಇವೆಲ್ಲ 19ನೆಯ ಶತಮಾನದವರೆಗೂ ಪಶುವೈದ್ಯದ ದಿನಬಳಕೆಯ ಉಪಾಯಗಳು. ಇದನ್ನು ಓದಿ ಯೂರೋಪಿನವರನ್ನು ಹಳಿಯಲು ಹೊರಡುವ ಮುನ್ನ ನಮ್ಮ ಕೊಟ್ಟಿಗೆಗಳನ್ನೂ ನೆನೆಯಬೇಕು. ಎತ್ತಿನ ಭುಜಕ್ಕೂ ತೊಡೆಗೂ ಅಡ್ಡಡ್ಡವಾಗಿ ಎಳೆದ ಬರೆಗಳನ್ನು ನಾನು ಹುಡುಗನಾಗಿದ್ದಾಗ ಬೇಕಾದಷ್ಟು ಕಂಡಿದ್ದೇನೆ. ಹಾಕಿಸಿದವರು ಕ್ರೂರಿಗಳಲ್ಲ, ಎತ್ತನ್ನು ಮನೆಯ ಮಗನಂತೆ ಸಾಕಿದವರು. ಬರೆ ಹಾಕಿದ ಮೇಲೆ ಕೆಲವು ಎತ್ತುಗಳು ನೆಟ್ಟಗೆ ನಡೆದುದೂ ನಿಜ. ಸುಟ್ಟ ಗಾಯ ಮಾಯುವವರೆಗೆ ಅವನ್ನು ನೊಗಕ್ಕೆ ಕಟ್ಟುತ್ತಿರಲಿಲ್ಲವೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ವಾಸಿಮಾಡಿದುದು ವಿಶ್ರಾಂತಿ, ಕೀರ್ತಿ ಹೊತ್ತುದು ಬರೆ. ಈ ಸಂಗತಿಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಚಿನ್ನದ ಮಣಿಗಳ ವಿಚಾರ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಲೋದ್ ಬೂರ್ಜೆಲಾ ಎಂಬಾತನು 1761ರಲ್ಲಿ ಅನುಮತಿ ಪಡೆದು ಸ್ಥಾಪಿಸಿದ ಶಾಲೆಯೇ ಲೋಕದ ಮೊದಲ ಪಶುವೈದ್ಯ ವಿದ್ಯಾಲಯವೆನ್ನುತ್ತಾರೆ. ಅಲ್ಲಿಯೂ ಕುದುರೆ ದನಗಳದೇ ಮೇಲುಗೈ. ಇಂಗ್ಲೆಂಡಿನ ಡೆಲಬೀರ್ ಬ್ಲೇನ್ 1817ರಲ್ಲಿ ನಾಯಿಯ ರೋಗಗಳಿಗೆಂದೇ ಒಂದು ಪುಸ್ತಕ ಬರೆದನು. 1845ರಲ್ಲಿ ವಿಲಿಯಂ ಯೂಅಟ್‌ನ ಪುಸ್ತಕ ಬಂದಿತು. ಆಗ ನಾಯಿಯ ಹಳೆಯ ಕುಂಟಿಗೆಲ್ಲ ವಾತರೋಗವೆಂಬ ಒಂದೇ ಹೆಸರು. ಒಳಗೆ ಕೀಲು ಹೇಗಿದೆಯೆಂದು ಕಾಣುವ ಬಗೆ ಇರಲಿಲ್ಲ. 1895ರಲ್ಲಿ ಕ್ಷಕಿರಣಗಳ ಶೋಧವಾಗಿ, 1935ರಲ್ಲಿ ಅಮೆರಿಕದ ಷ್ನೆಲ್ ಎಂಬ ವೈದ್ಯನು ನಾಯಿಯ ಸೊಂಟದ ಗುಂಡು ತನ್ನ ಬಟ್ಟಲಲ್ಲಿ ಸರಿಯಾಗಿ ಕೂರದೆ ಸಡಿಲವಾಗಿರುವ ದೋಷವನ್ನು ವರ್ಣಿಸಿದ ಮೇಲೆಯೇ, ದೊಡ್ಡ ಜಾತಿಯ ನಾಯಿಗಳು ನಡುವಯಸ್ಸಿಗೇ ಏಕೆ ಹಿಂಗಾಲು ಎಳೆಯುತ್ತವೆಂಬುದು ಹೊಳೆಯತೊಡಗಿತು.

ಇನ್ನೊಂದು ಅಡ್ಡಿ ವಿದ್ಯಾವಂತರ ತಲೆಯಲ್ಲಿಯೇ ಇದ್ದಿತು. 17ನೆಯ ಶತಮಾನದ ದೇಕಾರ್ತ್ ಎಂಬ ತತ್ತ್ವಜ್ಞನು ಪ್ರಾಣಿಗಳನ್ನು ಯಂತ್ರಗಳಿಗೆ ಹೋಲಿಸಿದನು. ಅವನ ಹಿಂಬಾಲಕರಲ್ಲಿ ಕೆಲವರು ಅದನ್ನು ಎಳೆದು, ನಾಯಿಯ ಕೂಗು ಗಡಿಯಾರದ ಸದ್ದಿನಂತೆ, ಒಳಗೆ ನೋಯುವವನಿಲ್ಲ ಎನ್ನುವಲ್ಲಿಗೆ ಮುಟ್ಟಿಸಿದರು. 1789ರಲ್ಲಿ ಬೆಂಥಾಮನು ಪ್ರಾಣಿಗೆ ಬುದ್ಧಿಯುಂಟೇ ಮಾತುಂಟೇ ಎಂಬುದು ಪ್ರಶ್ನೆಯಲ್ಲ, ನೋವುಂಟೇ ಎಂಬುದು ಪ್ರಶ್ನೆ ಎಂಬರ್ಥದಲ್ಲಿ ಬರೆದು ವಾದವನ್ನು ತಿರುಗಿಸಿದನು. ಆದರೂ ಆ ಹಳೆಯ ಅಭಿಪ್ರಾಯದ ನೆರಳು ಬಹುಕಾಲ ಉಳಿಯಿತು. ಅಮೆರಿಕದ ಬರ್ನಾರ್ಡ್ ರೋಲಿನ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕನು 1989ರಷ್ಟು ಈಚೆಗೆ ಒಂದು ಪುಸ್ತಕವನ್ನೇ ಬರೆದು, ವಿಜ್ಞಾನವು ಪ್ರಾಣಿಗಳ ನೋವಿಗೆ ಕಿವುಡಾಗಿರುವುದನ್ನು ಎತ್ತಿ ತೋರಿಸಬೇಕಾಯಿತು. ಶಸ್ತ್ರಚಿಕಿತ್ಸೆಯ ಮೇಲೆ ಸ್ವಲ್ಪ ನೋವಿದ್ದರೆ ಒಳ್ಳೆಯದು, ಪ್ರಾಣಿ ಅಲುಗಾಡದೆ ಮಲಗುತ್ತದೆ ಎಂದು ನಂಬಿದ ವೈದ್ಯರೂ ಇದ್ದರು.

ವೈದ್ಯನು ಕಿವುಡಾದಲ್ಲಿ ಜನ ಬೇರೆ ಬಾಗಿಲು ತಟ್ಟುವುದು ಸಹಜ. ಆ ಬಾಗಿಲುಗಳಲ್ಲಿ ಹೆಚ್ಚು ಹೆಸರಾದುದು ಹೋಮಿಯೋಪತಿ. ಹಾನಿಮನ್ನನ ಜೀವಿತಕಾಲದಲ್ಲಿಯೇ ಲೈಪ್‌ಜಿಗ್‌ನ ಪಶುವೈದ್ಯ ಯೋಹಾನ್ ಯೋಸೆಫ್ ವಿಲ್ಹೆಲ್ಮ್ ಲುಕ್ಸ್ ಆ ಪದ್ಧತಿಯನ್ನು ಪ್ರಾಣಿಗಳಿಗೆ ಹಚ್ಚಿದನು. 1833ರಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗದ ದ್ರವವನ್ನೇ ತೆಳುಮಾಡಿ ಅದೇ ರೋಗಕ್ಕೆ ಮದ್ದಾಗಿ ಕೊಡಬೇಕೆಂಬ ಸಿದ್ಧಾಂತವನ್ನು ಪ್ರಕಟಿಸಿದನು. ಒಂದಕ್ಕೆ ನೂರರಂತೆ ಮೂವತ್ತು ಸಲ ತೆಳುಮಾಡಿದ ಮದ್ದೆಂದರೆ ಒಂದರ ಮುಂದೆ ಅರುವತ್ತು ಸೊನ್ನೆಗಳು. ಅಷ್ಟು ನೀರಿನಲ್ಲಿ ಮೂಲವಸ್ತುವಿನ ಒಂದು ಕಣವೂ ಉಳಿದಿರುವ ಸಂಭವವಿಲ್ಲವೆಂದು ರಸಾಯನಶಾಸ್ತ್ರ ಹೇಳುತ್ತದೆ. ಅದಕ್ಕೆ ಆ ಪಂಥದವರು ಕೊಡುವ ಉತ್ತರ ಕೇಳಲು ಬಲವಾಗಿಯೇ ಇದೆ: ಮನುಷ್ಯನಾದರೆ ನಂಬಿಕೆಯಿಂದ ಗುಣವಾದನೆನ್ನಿ, ನಾಯಿಗೆ ಯಾವ ನಂಬಿಕೆ? ಅದಕ್ಕೆ ಮದ್ದೆಂದೇ ತಿಳಿಯದು. ಆದರೂ ಕುಂಟು ಬಿಟ್ಟು ನಡೆಯಿತಲ್ಲ! ನೂರೈವತ್ತು ವರುಷಗಳಿಗೂ ಹೆಚ್ಚು ಕಾಲ ಈ ವಾದವನ್ನು ಹೂಡುತ್ತ ಬಂದಿದ್ದಾರೆ. ಇದನ್ನು ಸುಮ್ಮನೆ ನಕ್ಕು ತಳ್ಳುವಂತಿಲ್ಲ. ಇದರ ಗಂಟು ಬಿಚ್ಚಿದುದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಬಾಗಿಲು ಚೀನದ ಸೂಜಿಚಿಕಿತ್ಸೆ, ಎಂದರೆ ಅಕ್ಯುಪಂಕ್ಚರು. ಚೀನದಲ್ಲಿ 1608ರಲ್ಲಿ ಯೂ ಮನೆತನದ ಇಬ್ಬರು ಅಣ್ಣತಮ್ಮಂದಿರು ರಚಿಸಿದ ಪ್ರಸಿದ್ಧ ಪಶುವೈದ್ಯ ಗ್ರಂಥವು ಮುಖ್ಯವಾಗಿ ಕುದುರೆಯನ್ನು ಕುರಿತದ್ದು. ಅಲ್ಲಿಯೂ ದುಡಿಯುವ ಪ್ರಾಣಿಗೇ ಶಾಸ್ತ್ರ! 1970ರ ದಶಕದಲ್ಲಿ ಅಮೆರಿಕಕ್ಕೂ ಚೀನಕ್ಕೂ ಮತ್ತೆ ಹೋಗಿಬರುವುದು ಮೊದಲಾದಾಗ ಸೂಜಿಯ ಸುದ್ದಿ ಪತ್ರಿಕೆಗಳಲ್ಲೆಲ್ಲ ಹಬ್ಬಿತು. 1974ರಲ್ಲಿ ಪಶುಗಳ ಸೂಜಿಚಿಕಿತ್ಸೆಗೆ ಒಂದು ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. ನಾಯಿಯ ಮೈಮೇಲೆ ಚುಚ್ಚುವ ಸ್ಥಾನಗಳನ್ನು ಎಲ್ಲಿಂದ ತಂದರು? ಬಹುಮಟ್ಟಿಗೆ ಮನುಷ್ಯನ ನಕ್ಷೆಯನ್ನೇ ನಾಯಿಯ ಮೈಗೆ ಅಳವಡಿಸಿದರು. ಮನುಷ್ಯನಿಗೆ ಬಾಲವಿಲ್ಲ, ನಾಯಿಗೆ ನಮ್ಮಂತಹ ಹೆಬ್ಬೆರಳಿಲ್ಲ. ಅಂತಹ ಕಡೆಗಳಲ್ಲಿ ಊಹೆಯಿಂದ ಹೊಂದಿಸಿಕೊಂಡರು. ಆದುದರಿಂದ ಇದನ್ನು ಸಾವಿರಾರು ವರ್ಷದ ಶ್ವಾನಶಾಸ್ತ್ರವೆಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಹಾಗೆಂದು ಸೂಜಿಯಲ್ಲಿ ಏನೂ ಇಲ್ಲವೆನ್ನುವುದೂ ಸಾಹಸವೇ. ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು 1965ರಲ್ಲಿ, ನೋವಿನ ಸಂದೇಶ ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಬೇಕು, ಬೇರೆ ಸ್ಪರ್ಶಗಳು ಆ ಬಾಗಿಲನ್ನು ಅರ್ಧ ಮುಚ್ಚಬಲ್ಲವು ಎಂದು ಪ್ರತಿಪಾದಿಸಿದರು. ಎಡವಿದ ಕಾಲನ್ನು ನಾವು ಉಜ್ಜಿಕೊಳ್ಳುವುದೇಕೆ ಎಂಬುದಕ್ಕೂ, ಆರಿಯನ್ನನ ಕೈತಿಕ್ಕಿಗೂ ಇದರಿಂದ ಒಂದು ಕಾರಣ ದೊರೆಯಿತು. ಸೂಜಿಗೂ ಇಂತಹದೇ ಒಂದು ವಿವರಣೆ ಇರಬಹುದು.

ಸೂಜಿಯ ಮೊಮ್ಮಗನೇ ಚಿನ್ನದ ಮಣಿ. ಅಮೆರಿಕದ ಪಶುವೈದ್ಯರು ಕೆಲವರು 1970ರ ದಶಕದಲ್ಲಿ, ಪದೇ ಪದೇ ಚುಚ್ಚುವುದೇಕೆ, ಆ ಸ್ಥಾನಗಳಲ್ಲಿ ಸಣ್ಣ ಚಿನ್ನದ ಕಾಳನ್ನು ಸೂಜಿಯ ಮೂಲಕ ಒಳಗೆ ಸೇರಿಸಿಬಿಟ್ಟರೆ ಜೀವಮಾನವೆಲ್ಲ ಚಿಕಿತ್ಸೆ ನಡೆದಂತೆಯೇ ಎಂದು ಆರಂಭಿಸಿದರು. ಚಿನ್ನವೆಂದೊಡನೆ ನಮ್ಮವರ ಕಿವಿ ನಿಮಿರುತ್ತದೆ; ಭಸ್ಮವಾಗಿ ತಿಂದವರ ನಾಡಲ್ಲವೆ ನಮ್ಮದು! ಸೊಂಟದ ಕೀಲು ಸವೆದ ನಾಯಿಗಳು ಮಣಿ ಹಾಕಿಸಿಕೊಂಡು ಮೆಟ್ಟಿಲು ಹತ್ತಿದ ಕಥೆಗಳು ಹಬ್ಬಿದವು. ಕೊನೆಗೆ ಪರೀಕ್ಷೆಗಿಟ್ಟರು. ಫಿನ್ಲೆಂಡಿನಲ್ಲಿ 38 ನಾಯಿಗಳನ್ನು ಆರಿಸಿ, ಅರ್ಧಕ್ಕೆ ಮಣಿ ಹಾಕಿ, ಉಳಿದರ್ಧಕ್ಕೆ ಮಣಿಯಿಲ್ಲದೆ ಬರಿಯ ಚುಚ್ಚಿ, ಯಾವುದಕ್ಕೆ ಏನೆಂದು ಯಜಮಾನನಿಗೂ ಪರೀಕ್ಷಕನಿಗೂ ತಿಳಿಸದೆ ಆರು ತಿಂಗಳು ನೋಡಿದರು. 2001ರಲ್ಲಿ ಫಲ ಪ್ರಕಟವಾಯಿತು: ಎರಡು ಗುಂಪಿನಲ್ಲಿಯೂ ಹಲವು ನಾಯಿಗಳು ಸುಧಾರಿಸಿದಂತೆ ಕಂಡವು; ಗುಂಪಿಗೂ ಗುಂಪಿಗೂ ಹೇಳಿಕೊಳ್ಳುವ ಅಂತರವಿರಲಿಲ್ಲ. ಅಲ್ಲಿಗೆ ಮುಗಿಯಿತೆನ್ನುವಷ್ಟರಲ್ಲಿ ನಾರ್ವೆಯವರು 78 ನಾಯಿಗಳ ಮೇಲೆ ಅದೇ ಬಗೆಯ ಪರೀಕ್ಷೆ ಮಾಡಿ, 2006ರಲ್ಲಿ, ಮಣಿ ಹಾಕಿದವುಗಳಿಗೆ ನೋವು ನಿಜವಾಗಿಯೂ ಹೆಚ್ಚು ಇಳಿಯಿತೆಂದು ವರದಿ ಮಾಡಿದರು. ಒಂದೇ ಚಿನ್ನ, ಒಂದೇ ಕೀಲು, ಎರಡು ತೀರ್ಪು!

ಈಗ ಬರೆ ಹಾಕಿದ ಎತ್ತನ್ನು ನೆನೆಯಿರಿ. ಫಿನ್ಲೆಂಡಿನಲ್ಲಿ ಬರಿಯ ಚುಚ್ಚಿಸಿಕೊಂಡ ನಾಯಿಗಳೂ ಸುಧಾರಿಸಿದುವಲ್ಲ, ಏಕೆ? ಒಂದು ಕಾರಣ ಸುಲಭ. ಕೀಲುನೋವು ಒಂದೇ ಸಮನಾಗಿರುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಯಂತೆ ಏರುತ್ತದೆ, ಇಳಿಯುತ್ತದೆ. ನಾವು ವೈದ್ಯನ ಬಳಿಗೆ ಓಡುವುದು ಏರಿದ ದಿನ. ಅನಂತರ ಏನು ಮಾಡಿದರೂ, ಏನೂ ಮಾಡದಿದ್ದರೂ, ಇಳಿಯುವ ದಿನವೇ ಮುಂದೆ ಬರಬೇಕಾದುದು. ಇನ್ನೊಂದು ಕಾರಣ ಕುತೂಹಲಕರವಾದದ್ದು. ನಾಯಿ ನಡೆಯುವಾಗ ಯಾವ ಕಾಲಿನ ಮೇಲೆ ಎಷ್ಟು ಭಾರ ಊರುತ್ತದೆಂಬುದನ್ನು ಅಳೆಯುವ ಒಂದು ಹಲಗೆಯಿದೆ, ನೆಲದಲ್ಲಿ ಹುದುಗಿಸಿರುತ್ತಾರೆ. ನೋಯುವ ಕಾಲನ್ನು ನಾಯಿ ಮೆಲ್ಲಗೆ ಊರುತ್ತದೆ, ಹಲಗೆ ಅದನ್ನು ಬರೆದುಕೊಳ್ಳುತ್ತದೆ. ಅದಕ್ಕೆ ದಯೆಯೂ ಇಲ್ಲ, ಆಸೆಯೂ ಇಲ್ಲ. ಕೀಲುರೋಗದಿಂದ ಕುಂಟುತ್ತಿದ್ದು, ಒಂದು ಪರೀಕ್ಷೆಯಲ್ಲಿ ಹುಸಿಮದ್ದನ್ನು ಮಾತ್ರ ಪಡೆದಿದ್ದ 58 ನಾಯಿಗಳ ಲೆಕ್ಕವನ್ನು ಅಮೆರಿಕದ ಇಬ್ಬರು ವಿದ್ವಾಂಸರು ತೆಗೆದು 2012ರಲ್ಲಿ ಪ್ರಕಟಿಸಿದರು. ಹಲಗೆಯ ಪ್ರಕಾರ ಸುಧಾರಣೆ ಇಲ್ಲದಿದ್ದರೂ ಯಜಮಾನರು ಹತ್ತಕ್ಕೆ ನಾಲ್ಕರ ಆಸುಪಾಸಿನಲ್ಲಿ ನಾಯಿ ಮೇಲಾಯಿತೆಂದು ಹೇಳಿದ್ದರು. ಯಜಮಾನರಿಗೆ ಅಕ್ಕರೆ ಕಣ್ಣುಕಟ್ಟಿತು ಎನ್ನೋಣ. ಪಶುವೈದ್ಯರ ಅಂದಾಜೂ ಅಷ್ಟೇ ದಾರಿ ತಪ್ಪಿತ್ತು!

ಲುಕ್ಸನ ಪಂಥದವರ ಪ್ರಶ್ನೆಗೆ ಉತ್ತರ ಸಿಕ್ಕಿದುದು ಇಲ್ಲಿ. ನಾಯಿಗೆ ನಂಬಿಕೆಯಿಲ್ಲ, ಸರಿ. ಆದರೆ ಗುಣವಾಯಿತೆಂದು ಸಾಕ್ಷಿ ಹೇಳುವವನು ನಾಯಿಯಲ್ಲ, ಅದರ ಯಜಮಾನ. ನಂಬಿಕೆಯಿರುವುದು ಅವನಿಗೆ. ಮದ್ದು ನಾಯಿಯ ಹೊಟ್ಟೆಗೆ ಹೋಗಿ, ಗುಣ ಮಾತ್ರ ನೋಡುವವನ ಕಣ್ಣಿಗೆ ಬರುವುದು ಸಾಧ್ಯ. ಇದರಲ್ಲಿ ನಗುವ ಮಾತೇನೂ ಇಲ್ಲ. ಮನೆಯವರೆಲ್ಲ ಸಮಾಧಾನಪಟ್ಟು ಮಲಗಿದ ರಾತ್ರಿ, ಮೂಲೆಯಲ್ಲಿ ಆ ಪ್ರಾಣಿ ಮೊದಲಿನಷ್ಟೇ ನೋಯುತ್ತ ಬಿದ್ದಿರಬಹುದಲ್ಲ! ಇಂಗ್ಲೆಂಡಿನ ಪಶುವೈದ್ಯರ ರಾಯಲ್ ಕಾಲೇಜು 2017ರಲ್ಲಿ, ಹೋಮಿಯೋಪತಿಗೆ ಸರಿಯಾದ ಪುರಾವೆಯಿಲ್ಲ, ಪುರಾವೆಯಿರುವ ಚಿಕಿತ್ಸೆಯ ಬದಲಿಗೆ ಅದನ್ನು ಕೊಡಕೂಡದು, ಬೇಕಾದರೆ ಜೊತೆಯಲ್ಲಿ ಕೊಡಬಹುದು ಎಂದು ಹೇಳಿಕೆ ಹೊರಡಿಸಿದುದರ ಹಿಂದೆ ಇದೇ ಆತಂಕವಿದ್ದಿತು. ನನಗೂ ಅದು ನ್ಯಾಯವಾಗಿ ತೋರುತ್ತದೆ.

ನಮ್ಮ ಮೂಲಿಕೆಗಳನ್ನೂ ಇದೇ ಒರೆಗೆ ಹಚ್ಚಿದ್ದಾರೆ. ಹಳೆಯ ಕಾವ್ಯಗಳನ್ನು ಓದಿದವರಿಗೆ ಸಲ್ಲಕಿ ಎಂಬ ಮರದ ಹೆಸರು ಹೊಸದಲ್ಲ. ಆನೆಗಳಿಗೆ ಅದರ ಚಿಗುರೆಂದರೆ ಪ್ರಾಣ, ಗಜಭಕ್ಷ್ಯವೆಂದೇ ಅದಕ್ಕೆ ಹೆಸರುಂಟು. ಕಾವ್ಯದಲ್ಲಿ ಆನೆಯ ಬಾಯಿಗೆ ಬೀಳುತ್ತಿದ್ದ ಆ ಮರದ ಅಂಟನ್ನು ಆಯುರ್ವೇದವು ಕೀಲುನೋವಿಗೆ ಬಳಸುತ್ತದೆ. ಸ್ವಿಟ್ಜರ್ಲೆಂಡಿನ ಪಶುವೈದ್ಯ ಪತ್ರಿಕೆಯೊಂದರಲ್ಲಿ 2004ರಲ್ಲಿ ಬಂದ ವರದಿಯಂತೆ, ಅದನ್ನು 29 ನಾಯಿಗಳಿಗೆ ಕೊಟ್ಟು ನೋಡಲಾಗಿ, ಲೆಕ್ಕಕ್ಕೆ ದೊರೆತ 24ರಲ್ಲಿ 17 ಸುಧಾರಿಸಿದವು. ಆದರೆ ಅಲ್ಲಿ ಹುಸಿಮದ್ದಿನ ಗುಂಪಿರಲಿಲ್ಲ; ಮೇಲೆ ಹೇಳಿದ ಕಣ್ಣುಕಟ್ಟು ಎಷ್ಟು, ಅಂಟಿನ ಗುಣ ಎಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಅರಿಸಿನದ ಸಾರವನ್ನು ಇಂಗ್ಲೆಂಡಿನಲ್ಲಿ ಹುಸಿಮದ್ದಿನೊಡನೆ ಹೋಲಿಸಿ 2003ರಲ್ಲಿ ವರದಿಮಾಡಿದರು. ಪರೀಕ್ಷಿಸಿದ ವೈದ್ಯರ ಕಣ್ಣಿಗೆ ಅರಿಸಿನ ತಿಂದ ನಾಯಿಗಳು ಮೇಲೆಂದು ಕಂಡವು. ಹಲಗೆ ಮಾತ್ರ ವ್ಯತ್ಯಾಸವನ್ನು ಒಪ್ಪಲಿಲ್ಲ. ಅರಿಸಿನದಲ್ಲಿ ನನಗೆ ಭಕ್ತಿಯುಂಟು. ಆದರೂ ಹಲಗೆಯ ಮಾತನ್ನು ಮುಚ್ಚಿಡುವುದು ಸರಿಯಲ್ಲ.

ಹಾಗಾದರೆ ಇಂಗ್ಲಿಷ್ ಔಷಧವೇ ಗತಿಯೇ ಎಂದು ಕೇಳುವಿರಿ. ನಾಯಿಗೆಂದೇ ತಯಾರಾದ ನೋವಿಳಿಸುವ ಗುಳಿಗೆಗಳು 1990ರ ದಶಕದಿಂದೀಚೆಗೆ ಬಂದಿವೆ, ಹಲಗೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿವೆ. ಪಶುವೈದ್ಯರು ಹೇಳಿದ ತೂಕದಲ್ಲಿ ಅವು ದೊಡ್ಡ ಉಪಕಾರವನ್ನೇ ಮಾಡುತ್ತವೆ. ಆದರೆ ಮನೆಯ ಬೀರುವಿನಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಮುರಿದು ನಾಯಿಗೆ ಹಾಕುವವರಿದ್ದಾರೆ; ದಯವಿಟ್ಟು ಹಾಗೆ ಮಾಡಬೇಡಿ. ಐಬುಪ್ರೊಫೆನ್ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಬೆಕ್ಕಿಗಂತೂ ನೇರ ವಿಷ. ಒಂದು ಪ್ರಾಣಿಯ ನೋವಿಗೆ ಕೊಟ್ಟ ಮದ್ದು ಇನ್ನೊಂದರ ಕುಲಕ್ಕೇ ಮುಳುವಾದ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್, ಅವುಗಳ ಹೆಣವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಹಾಳುಮಾಡಿ ಅವುಗಳ ಸಂತತಿಯನ್ನು ಬಹುಪಾಲು ಅಳಿಸಿತೆಂಬುದು 2004ರಲ್ಲಿ ಬಯಲಾಯಿತು; 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉಳಿದ ಕೆಲವು ಹದ್ದುಗಳನ್ನು ನೋಡಿದವರಿಗೆ ಈ ಕಥೆಯ ಬೆಲೆ ತಿಳಿಯುತ್ತದೆ.

ಕೊನೆಯದಾಗಿ ಒಂದು ಚಿಕಿತ್ಸೆಯನ್ನು ಹೇಳಿಬಿಡುತ್ತೇನೆ. ಅದಕ್ಕೆ ಮಣಿಯೂ ಬೇಡ, ಸೂಜಿಯೂ ಬೇಡ. ಅಮೆರಿಕದಲ್ಲಿ ಲ್ಯಾಬ್ರಡಾರ್ ಜಾತಿಯ 48 ಮರಿಗಳನ್ನು ಜೋಡಿ ಜೋಡಿಯಾಗಿ ಆರಿಸಿ, ಜೋಡಿಯಲ್ಲಿ ಒಂದಕ್ಕೆ ಕೊಟ್ಟ ಆಹಾರದ ಮುಕ್ಕಾಲು ಪಾಲನ್ನು ಮಾತ್ರ ಇನ್ನೊಂದಕ್ಕೆ ಕೊಟ್ಟು, ಅವು ಬದುಕಿರುವವರೆಗೂ ನೋಡಿದರು. 2002ರಲ್ಲಿ ಪ್ರಕಟವಾದ ಲೆಕ್ಕದಂತೆ ಹೆಚ್ಚು ಉಂಡವುಗಳ ಆಯುಸ್ಸಿನ ನಡುಮಟ್ಟ 11 ವರ್ಷ ಚಿಲ್ಲರೆ, ಮುಕ್ಕಾಲು ಉಂಡವುಗಳದು 13 ವರ್ಷ. ಸೊಂಟದ ಕೀಲು ಸವೆಯುವುದೂ ಎರಡನೆಯ ಗುಂಪಿನಲ್ಲಿ ಬಹಳ ತಡವಾಗಿ ಬಂದಿತು. ಲಂಘನವೇ ದೊಡ್ಡ ಮದ್ದೆನ್ನುತ್ತಿದ್ದ ನಮ್ಮ ಹಿರಿಯರು ಈ ಲೆಕ್ಕವನ್ನು ಕಂಡಿದ್ದರೆ ಮೀಸೆಯಡಿಯಲ್ಲಿ ನಗುತ್ತಿದ್ದರು.

ಆದರೆ ಈ ಮದ್ದನ್ನು ಒಪ್ಪುವ ಯಜಮಾನರು ಕಡಮೆ. ಊಟಕ್ಕೆ ಕುಳಿತಾಗ ಪಕ್ಕದಲ್ಲಿ ಬಂದು ಮುಖ ನೋಡುವ ನಾಯಿಗೆ ಚಪಾತಿಯ ತುಂಡನ್ನು ನಿರಾಕರಿಸುವುದಕ್ಕಿಂತ ಸೊಂಟಕ್ಕೆ ಚಿನ್ನ ಹಾಕಿಸುವುದೇ ಸುಲಭವೆಂದು ಅವರಿಗೆ ತೋರುತ್ತದೆ. ನಿಮ್ಮ ಮನೆಯ ನಾಯಿ ಮುದಿಯಾಗಿದ್ದರೆ ಅದರ ಪಕ್ಕೆಯ ಮೇಲೆ ಕೈಯಾಡಿಸಿ ನೋಡಿ; ಮೂಳೆಗಳು ಬೆರಳಿಗೆ ಸುಲಭವಾಗಿ ಸಿಕ್ಕಬೇಕು. ಸಿಕ್ಕದಿದ್ದರೆ ಬಟ್ಟಲನ್ನು ಸ್ವಲ್ಪ ಚಿಕ್ಕದು ಮಾಡಿ. ನುಣುಪಾದ ಮೊಸಾಯಿಕ್ ನೆಲದ ಮೇಲೆ ಅದು ಏಳುವ ಕಡೆ ಒಂದು ಹಳೆಯ ಜಮಖಾನ ಹಾಸಿ. ದಿನವೂ ಸ್ವಲ್ಪ ದೂರ, ಅದರ ನಡಿಗೆಯ ವೇಗದಲ್ಲಿ, ನಡೆಸಿ. ಯಾವ ಮದ್ದನ್ನು ಕೊಡುವುದಾದರೂ ಮೊದಲ ದಿನವೇ ಗೋಡೆಯ ಪಂಚಾಂಗದ ಮೇಲೆ, ಇಂದು ಎಷ್ಟು ಮೆಟ್ಟಿಲು ಹತ್ತಿತು, ಬೆಳಗ್ಗೆ ಏಳಲು ಎಷ್ಟು ಹೊತ್ತಾಯಿತು ಎಂದು ಬರೆದಿಡಿ; ತಿಂಗಳ ಮೇಲೆ ಪಶುವೈದ್ಯರ ಬಳಿಗೆ ಹೋಗುವಾಗ ಆ ಹಾಳೆಯನ್ನು ಹರಿದು ಜೊತೆಗೆ ಕೊಂಡೊಯ್ಯಿರಿ.